ಕುಲುಮೆಯ ಮುಂದಿನ ಕಾಯಿ

“ಅವರ ಮದ್ದಗುಂಡ ಯಾಕ ತೀರವಲ್ದು?”

ದುರ್ಗಪ್ಪ ಕೇಳಿದ್ದು ಯಾರನ್ನೂ ಅಲ್ಲ. ಕಿತ್ತೂರಿನ ಹೆದ್ದಾರಿ ಬದಿಯ ಎರಕದ ಕಾರ್ಖಾನೆಯಲ್ಲಿ, ಕುಲುಮೆಯ ಎದುರು ಕುಂತು, ಮೊಬೈಲಿನ ಕಪ್ಪು ಮುಖ ನೋಡುತ್ತ ಕೇಳಿದ್ದು. ಅಡುಗೆ ಕೆಲಸವೆಂದ ಏಜೆಂಟನ ಮಾತು ನಂಬಿ ಪರದೇಶಕ್ಕೆ ಹೋದ ಮಗ ಆಕಾಶನ ಕೈಗೆ ಅಲ್ಲಿಯವರು ಬಂದೂಕು ಕೊಟ್ಟು ಎಂಟು ತಿಂಗಳಾಗಿತ್ತು. ಯುದ್ಧ ಮುಗಿಯುವ ತನಕ ಬಿಡುವುದಿಲ್ಲವಂತೆ. ಫೋನು ಬಾರದೆ ಇಂದಿಗೆ ಹತ್ತೊಂಬತ್ತು ದಿನ.

ಅವನು ಚಿಕ್ಕವನಿದ್ದಾಗ ಸುರೇಬಾನದ ಮನೆಯಲ್ಲಿ ಅವ್ವ ಮುದಕವ್ವ ಬೀಸುವಾಗ ತೊರಗಲ್ ಕೋಟೆಯ ಪದ ಹೇಳುತ್ತಿದ್ದಳು. ಹನ್ನೆರಡು ದಿನ ಮುತ್ತಿಗೆ. ಹದಿಮೂರನೆಯ ಬೆಳಗಿಗೆ ‘ಮದ್ದು ತೀರಿತ, ಬುತ್ತಿ ತೀರಿತ, ಸಿಟ್ಟು ತೀರಿತ’ ಎಂದು ಬೀಸುಕಲ್ಲು ನಿಲ್ಲಿಸಿಬಿಡುತ್ತಿದ್ದಳು. ಪದದಲ್ಲಿ ಕೋಟೆಯ ಒಳಗಿನವರೂ ಹೊರಗಿನವರೂ ಒಂದೇ ಬಾವಿಯ ನೀರು ಕುಡಿದು ಮನೆಗೆ ಹೋಗುತ್ತಿದ್ದರು. ಯುದ್ಧವೆಂದರೆ ಹಾಗೆಂದೇ ದುರ್ಗಪ್ಪ ತಿಳಿದಿದ್ದ.

ಸೂಪರ್‌ವೈಸರ್ ಮಾಂತೇಶ ಕಾಯಿ, ಊದಿನಕಡ್ಡಿ ಹಿಡಿದು ಬಂದ. ಹೊಸ ಆರ್ಡರಿನ ಮೊದಲ ಎರಕಕ್ಕೆ ಕಾಯಿ ಒಡೆಯುವವನು ದುರ್ಗಪ್ಪನೇ. ‘ಈ ಬೆಂಕಿ ಆರದಿರಲಿ, ಬೇಡುವವರು ತೀರದಿರಲಿ’ ಎಂದು ಅವನು ಅಂದ ಮೇಲೆಯೇ ಕಬ್ಬಿಣ ಸುರಿಯುವುದು. ಮೊದಲೆಲ್ಲ ಎರೆಯುತ್ತಿದ್ದುದು ಪಂಪಿನ ಭಾಗಗಳು. ಎರಡು ವರ್ಷದಿಂದ ಈ ಪೊಳ್ಳು ಕೊಳವೆಗಳು. ಅವೇನೆಂದು ಅವನು ಕೇಳಿರಲಿಲ್ಲ.

“ಏಳ್ರಿ ದುರ್ಗಪ್ಪಣ್ಣ. ದೇವರಿಗಿ ನಿಮ್ಮ ದನೀನ ಕೇಳಸತೈತಿ, ನಾ ಒದರಿದ್ರ ಸಾಹೇಬಗೂ ಕೇಳಸೂದಿಲ್ಲ. ಇನ್ನ ಮೂರ ವರ್ಷ ಕುಲುಮಿ ಆರೂದಿಲ್ಲ ನೋಡ್ರಿ!”

“ಈ ಕೊಳವಿ ಯಾತರವ್ರಿ?”

“ಅಯ್ಯ, ಇಷ್ಟ ದಿನ ಗೊತ್ತಿಲ್ಲೇನ? ತೋಪಿನ ಗುಂಡಿನ ಹೊಟ್ಟಿ. ಬ್ಯಾರೆ ಕಡಿ ಮದ್ದ ತುಂಬತಾರ, ಹಡಗ ಹತ್ತಸತಾರ.”

“ಎಲ್ಲಿಗಿ?”

ಮಾಂತೇಶ ಕಾಯಿಯ ನಾರು ಕೀಳತೊಡಗಿದ. “ಅಲ್ಲಿಗೇ. ನಿಮ್ಮ ಆಕಾಶ ಇರೂ ಯುದ್ಧಕ್ಕ.”

“ಅವನ ಕಡಿಯವರಿಗೋ, ಎದುರಿನವರಿಗೋ?”

“ಕೈ ಬದಲಾಗಿ ಹೊಕ್ಕಾವ, ಯಾರಿಗಿ ಗೊತ್ತ? ಒಬ್ಬರದು ತೀರಿದ್ರ ನಾವು ಕಳಸತೇವಿ, ಮತ್ತೊಬ್ಬರದು ತೀರಿದ್ರ ಇನ್ಯಾರೋ. ಇಂಥಾ ಕುಲುಮಿ ದೇಶದೇಶಕ್ಕ ಅದಾವ. ತೀರೂದು ಎಲ್ಲಿಂದ ಬರಬೇಕ?”

ದುರ್ಗಪ್ಪ ಎದ್ದು ನಿಂತ. ಈ ಕೊಳವೆಗಳಿಗೆ ನಾಲ್ಕು ಸಲ ಕಾಯಿ ಒಡೆದಿದ್ದ. ನಾಲ್ಕನೆಯ ಸಲ ಮಗನ ಹೆಸರು ನೆನೆದು, ಕಣ್ಣು ಮುಚ್ಚಿ, ಬೆಂಕಿ ಆರದಿರಲಿ ಎಂದು ಹೆಚ್ಚು ಹೊತ್ತು ಬೇಡಿಕೊಂಡಿದ್ದ. ದೇವರು ಕೇಳಿಸಿಕೊಂಡಿದ್ದ.

“ಕಬ್ಬಿಣ ಕುದೀಲಿಕ್ಕ ಹತ್ತೈತಿ. ನೀವು ಕಾಯಿ ಒಡೀದಿದ್ರ ಮಂದಿ ಸುರಿಯೂದಿಲ್ಲ. ಹಿಡೀರಿ, ಒಡೀರಿ.”

ದುರ್ಗಪ್ಪ ಕಾಯಿ ಇಸಿದುಕೊಂಡು ಕಿವಿಯ ಹತ್ತಿರ ಅಲುಗಿಸಿದ. ಒಳಗೆ ನೀರು ತುಂಬಿತ್ತು. ಮರಳಿ ಮಾಂತೇಶನ ಅಂಗೈಯಲ್ಲಿಟ್ಟ.

“ಒಡಿಯೂದಿಲ್ಲ.”