ಅಪ್ಪನ ಬಾತುಕೋಳಿ ಮತ್ತು ಅಡ್ಡ ಕೊಯ್ಯುವ ಗರಗಸ

ಬಹಳ ಮನೆಗಳಲ್ಲಿ ಒಂದೇ ಗರಗಸ ಇರುತ್ತದೆ. ಉದ್ದಕ್ಕೆ ಸೀಳಲೂ ಅದೇ, ಅಡ್ಡ ಕೊಯ್ಯಲೂ ಅದೇ. ನಮ್ಮ ಬೀದಿಯ ಬಸ್ ಡ್ರೈವರ್ ಮನೆಯಲ್ಲೂ ಹಾಗೆಯೇ ಇತ್ತು. ಯಾವ ಕೆಲಸವೂ ಕೂಡಲೇ ಮುಗಿಯಬೇಕು ಅವನಿಗೆ. ಅದಕ್ಕೇ ಎಲ್ಲರೂ ಅವಸರಪ್ಪ ಎನ್ನುತ್ತಿದ್ದರು.

ಅವನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಬಡಗಿಯಾಗಿದ್ದ ಅವಳ ಅಪ್ಪ ತೀರಿಹೋದ ಮೇಲೆ ಅವರ ಕೆಲಸದ ಮೇಜಿನ ಹಲಗೆ ಮತ್ತು ಗರಗಸ ಅವಳ ಪಾಲಿಗೆ ಬಂದವು. ಅವಳು ಚಿಕ್ಕವಳಿದ್ದಾಗ ಅಪ್ಪ ಆ ಹಲಗೆಯ ಅಂಚಿನಲ್ಲಿ ಒಂದು ಬಾತುಕೋಳಿ ಕೆತ್ತಿದ್ದರು. ಬಾಗಿಲು, ಕಿಟಕಿ ಮಾಡುವುದರಲ್ಲಿ ಅವರದು ಎತ್ತಿದ ಕೈ; ಕೆತ್ತನೆ ಮಾತ್ರ ಸೊನ್ನೆ. ನೋಡಿದವರೆಲ್ಲ, "ಇದೇನು, ಚಪ್ಪಲಿಯಾ?" ಎಂದು ಕೇಳುತ್ತಿದ್ದರು. ಅವಳು ನಗುತ್ತಿದ್ದಳು.

ಹಲಗೆಯ ಒಂದು ತುದಿಗೆ ಹುಳು ಹಿಡಿದಿತ್ತು. ಅದಷ್ಟನ್ನು ಕತ್ತರಿಸಿ, ಉಳಿದದ್ದನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಹಾಕಬೇಕು, ಬಾತುಕೋಳಿ ಸದಾ ಕಣ್ಣೆದುರು ಇರಬೇಕು ಎಂಬುದು ಅವಳ ಆಸೆ. ಕತ್ತರಿಸಬೇಕಾದ ಗೀಟು ಬಾತುಕೋಳಿಯ ಪಕ್ಕದಲ್ಲೇ ಬಿತ್ತು.

ಅವಸರಪ್ಪ ಗರಗಸ ಎತ್ತಿದ್ದನ್ನು ಎದುರು ಮನೆಯ ಹಲ್ಲಕ್ಕ ಕಂಡರು. ಗರಗಸದ ಹಲ್ಲಿಗೆ ಅರ ಹಾಕಿ ಹರಿತ ಮಾಡುವುದು ಅವರ ಕಸುಬು, ಹೆಸರು ಬಂದದ್ದೂ ಹಾಗೆಯೇ.

"ತಮ್ಮಾ, ಅದು ಉದ್ದಕ್ಕೆ ಸೀಳೋ ಗರಗಸ. ಹಲ್ಲು ನೋಡು, ಪುಟ್ಟ ಪುಟ್ಟ ಉಳಿ ಸಾಲಾಗಿ ಇಟ್ಟ ಹಾಗಿದೆ. ಅಡ್ಡ ಕೊಯ್ಯೋಕೆ ಚಾಕು ಮೊನೆ ಥರ ಓರೆ ಹಲ್ಲು ಬೇಕು. ಅದು ಮರದ ಎಳೇನ ಕತ್ತರಿಸುತ್ತೆ, ಇದು ಕಿತ್ತು ಹಾಕುತ್ತೆ. ನನ್ನ ಹತ್ರ ಒಂದಿದೆ, ಹರಿತ ಮಾಡಿ ಸಂಜೆ ತಂದ್ಕೊಡ್ತೀನಿ."

"ಗರಗಸ ಅಂದ್ರೆ ಗರಗಸ, ಬಿಡಿ ಅಕ್ಕ. ಹಲ್ಲು ನೋಡ್ತಾ ಕೂತ್ರೆ ಆಯ್ತು ಕಥೆ!"

"ರೀ, ಸಂಜೆ ತನಕ ಕಾಯೋಣ," ಎಂದಳು ಹೆಂಡತಿ.

"ನಿನ್ನ ಬಟ್ಟೆ ಕತ್ತರೀಲಿ ಕಾಗದ ಕತ್ತರಿಸಿದ್ರೂ ಹೀಗೇ ಬಾಯಿ ಬಡ್ಕೋತೀಯ," ಎಂದು ಅವನು ರೇಗಿಸಿದ.

ಎರಡು ಸ್ಟೂಲುಗಳ ಮೇಲೆ ಹಲಗೆ ಇಟ್ಟ. ಹುಳು ಹಿಡಿದ ತುದಿ ಆಸರೆಯಿಲ್ಲದೆ ಹೊರಗೆ ಚಾಚಿಕೊಂಡಿತ್ತು. ಗರಗಸ ಸಿಕ್ಕಿಕೊಂಡಿತು, ಇನ್ನೂ ಜೋರಾಗಿ ಒತ್ತಿದ. ಕೊಯ್ತ ಇನ್ನೇನು ಮುಗಿಯಬೇಕು, ಆ ತುದಿ ತನ್ನ ಭಾರಕ್ಕೆ ತಾನೇ ಮುರಿದು ಬಿತ್ತು. ಬೀಳುವಾಗ ಹಲಗೆಯ ಅಂಚಿನಿಂದ ಉದ್ದನೆಯ ಸಿಬಿರನ್ನೂ ಕಿತ್ತುಕೊಂಡು ಹೋಯಿತು. ಬಾತುಕೋಳಿಯ ತಲೆ ಆ ಸಿಬಿರಿನಲ್ಲಿತ್ತು; ನೆಲಕ್ಕೆ ಬಿದ್ದು ಅದು ಚೂರುಚೂರಾಯಿತು.

ಅವಳು ಕೂಗಾಡಲಿಲ್ಲ. ನೆಲದಲ್ಲಿ ಕೂತು ಚೂರುಗಳನ್ನು ಆರಿಸಿ ಜೋಡಿಸಲು ನೋಡಿದಳು. ಕೂಡಲಿಲ್ಲ.

"ಈಗ ನಿಜವಾಗ್ಲೂ ಚಪ್ಪಲಿ ಥರಾನೇ ಕಾಣುತ್ತೆ, ಅಲ್ವಾ?" ಎಂದಳು.

ಕೂಗಾಡಿದ್ದರೂ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸಂಜೆ ಹಲ್ಲಕ್ಕ ಗರಗಸ ಹಿಡಿದು ಬಂದರು. ಅವಸರಪ್ಪ ತಲೆ ಎತ್ತದೆ ಕೇಳಿದ, "ಅಂಟು ಹಾಕಿದ್ರೆ ಸರಿಹೋಗಲ್ವಾ, ಅಕ್ಕ?"

"ಪುಡಿಯಾಗಿದ್ದನ್ನ ಹೇಗೆ ಅಂಟಿಸ್ತೀಯಪ್ಪ? ಹುಳು ತಿಂದ ಆ ತುಂಡು ತಗೊಂಡು ಬಾ. ಇನ್ನು ಮುಂದಕ್ಕಾದ್ರೂ ಕಲಿ."

ಹಲ್ಲಕ್ಕ ಹೇಳಿದಂತೆ ಅವನು ಮಾಡಿದ. "ಮೊದಲು ಗೀಟಿನ ಮೇಲೆ ಚಾಕುವಿನಿಂದ ಗೀರು, ಅಂಚು ಸಿಬಿರೇಳಲ್ಲ. ಗರಗಸ ಗೀಟಿನ ಆಚೆ, ಬೇಡದ ಭಾಗದ ಕಡೆಗಿರಲಿ. ಮೆಲ್ಲಗೆ ಹಿಂದಕ್ಕೆ ಎಳೆದು ಜಾಡು ಮಾಡ್ಕೋ. ಒತ್ತಬೇಡ, ಹರಿತ ಇದ್ರೆ ಅದೇ ಕೊಯ್ಯುತ್ತೆ. ಕೊನೇಲಿ ನಿಧಾನ. ಬೀಳೋ ತುಂಡನ್ನ ನೀನು ಹಿಡ್ಕೋಮ್ಮ."

ಹೆಂಡತಿ ತುಂಡನ್ನು ಹಿಡಿದುಕೊಂಡಳು. ಕೊಯ್ದ ಜಾಗ ನುಣುಪಾಗಿ ಬಂತು. ಅವಸರಪ್ಪ ಅದನ್ನು ಬೆರಳಿನಿಂದ ಸವರಿ ನೋಡಿದ. ಇಷ್ಟೇ ಇಷ್ಟು ಕೆಲಸವಾಗಿತ್ತಲ್ಲ ಎಂಬುದೇ ಅವನನ್ನು ಹೆಚ್ಚು ಕೊರೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ.

ಹಲಗೆ ಈಗ ಗೋಡೆಯ ಮೇಲಿದೆ. ಬಂದವರು, "ಇದೇನು, ಚಪ್ಪಲಿಯಾ?" ಎಂದರೆ ಅವಳು ನಗುವುದಿಲ್ಲ. "ಬಾತುಕೋಳಿ," ಎಂದು ಅವನೇ ಹೇಳುತ್ತಾನೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಗರಗಸ ಎತ್ತುವ ಮೊದಲು ಅದರ ಹಲ್ಲು ನೋಡಿ. ಅಡ್ಡ ಕೊಯ್ಯಲು ಅಡ್ಡ ಕೊಯ್ಯುವ ಗರಗಸವನ್ನೇ ಹಿಡಿಯಿರಿ. ಬೀಳುವ ತುಂಡಿಗೆ ಒಂದು ಕೈ ಆಸರೆ ಕೊಡಿ. ಸರಿಯಾದ ಗರಗಸ ಇಲ್ಲದಿದ್ದರೆ ಸಂಜೆಯವರೆಗೆ ಕಾಯಿರಿ. ಹಲಗೆ ಇನ್ನೊಂದು ಸಿಕ್ಕೀತು. ಅದರ ಮೇಲೆ ಕೆತ್ತಿಕೊಡಲು ಅಪ್ಪ ಮತ್ತೆ ಬರುವುದಿಲ್ಲ.