ಇಪ್ಪತ್ತು ಕೋಟಿಯ ಪಾಯಖಾನೆ

ಬ್ಯಾಡಗಿಯ ರುದ್ರಮುನಿ ಸಾವ್ಕಾರನ ಗೋದಾಮಿನಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹನ್ನೆರಡು ಹೆಂಗಸರು ಹಗಲಲ್ಲಿ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗವಿರಲಿಲ್ಲ. ಗೋದಾಮಿನ ಹಿಂದೆ ಜಾಲಿಗಿಡಗಳಿದ್ದವು, ಜಾಲಿಯ ಆಚೆ ರೈಲುಹಳಿ ಇತ್ತು, ಹಳಿಯ ಮೇಲೆ ಹೋಗುವ ರೈಲಿನ ಬಾಗಿಲುಗಳಲ್ಲಿ ಗಂಡಸರು ಗಾಳಿಗೆ ನಿಂತಿರುತ್ತಿದ್ದರು. ತಡೆಯಲಾಗದೆ ಹೋದರೂ ಇನ್ನೊಂದು ಫಜೀತಿ ಕಾದಿರುತ್ತಿತ್ತು. ಬೆಳಗಿನಿಂದ ಒಣಮೆಣಸಿನಕಾಯಿ ಮುಟ್ಟಿದ ಕೈ ತೊಳೆಯಲು ಒಂದು ತಂಬಿಗೆ ನೀರು ಏನೇನೂ ಸಾಲದು. ಹೊಸದಾಗಿ ಕೆಲಸಕ್ಕೆ ಬಂದವರು ಈ ಪಾಠವನ್ನು ಒಂದೇ ಸಲಕ್ಕೆ ಕಲಿಯುತ್ತಿದ್ದರು. ಎರಡನೆಯ ಸಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೀಲಗಂಗವ್ವ ಆ ಗುಂಪಿನ ಹಿರಿಯಳು. ಸಾವ್ಕಾರನ ಮುಂದೆ ನಿಂತು ಮಾತಾಡುವ ಕೆಲಸ ಉಳಿದವರಿಗೆ ಬೇಡವಾಗಿ ಅವಳ ಪಾಲಿಗೆ ಬಿದ್ದಿತ್ತು. ಡಿಸೆಂಬರಿನಲ್ಲಿ ಉರಿಮೂತ್ರವಾಗಿ, ಚಳಿಜ್ವರ ಬಂದು, ವಾರಗಟ್ಟಲೆ ಮಲಗಿದಳು. ಡಾಕ್ಟರು ಬಯ್ದರು.

"ದಿನಕ್ಕ ಮೂರು ಲೀಟರ್ ನೀರು ಕುಡೀಬೇಕು. ಇಲ್ಲಂದ್ರ ಕಿಡ್ನಿ ಹೋಗ್ತಾವ."

"ಕುಡೀತೇನ್ರಿ. ಆಮ್ಯಾಲೆ ಎಲ್ಲಿ ಹೋಗ್ಲಿ, ನಿಮ್ಮ ದವಾಖಾನಿಗೆ ಬರ್ಲೇನು?"

ಡಾಕ್ಟರು ನಕ್ಕುಬಿಟ್ಟರು. ನೀಲಗಂಗವ್ವ ತಮಾಷೆಗೆ ಕೇಳಿರಲಿಲ್ಲ.

ಸಾವ್ಕಾರನನ್ನೂ ಕೇಳಿದ್ದಾಗಿತ್ತು. ಸೀಜನ್ನಿನಲ್ಲಿ ಕೇಳಿದರೆ "ಈ ಗದ್ಲ ಮುಗೀಲಿ ತಡಿ" ಎನ್ನುತ್ತಿದ್ದ. ಸೀಜನ್ ಮುಗಿದ ಮೇಲೆ ಕೇಳಿದರೆ "ಈಗ ಕೆಲಸನ ಇಲ್ಲ, ಪಾಯಖಾನಿ ಯಾಕ?" ಎನ್ನುತ್ತಿದ್ದ. ರುದ್ರಮುನಿ ಕೆಟ್ಟವನೇನಲ್ಲ. ದೀಪಾವಳಿಗೆ ಎಲ್ಲರಿಗೂ ಸೀರೆ ಕೊಡುತ್ತಿದ್ದ, ಪಗಾರ ತಡಮಾಡುತ್ತಿರಲಿಲ್ಲ. ಆದರೆ ಮರಳಿ ಮಾರಲಾಗದ ವಸ್ತುವಿಗೆ ರೊಕ್ಕ ಹಾಕಬೇಕೆಂದರೆ ಅವನ ಕೈ ಕಿಸೆಯ ತನಕ ಹೋಗಿ ಅಲ್ಲೇ ನಿದ್ದೆ ಮಾಡುತ್ತಿತ್ತು.

ಹೀಗಿರುವಾಗ ಜನವರಿಯಲ್ಲಿ ಅಶ್ಫಾಕ ಲಾಟರಿ ಟಿಕೆಟ್ ತಂದ. ಅಶ್ಫಾಕ ಕೊಚ್ಚಿಗೆ ಕಾಯಿ ಲೋಡು ಒಯ್ಯುವ ಲಾರಿ ಡ್ರೈವರ್. ನಮ್ಮಲ್ಲಿ ಲಾಟರಿ ನಿಂತು ಎಷ್ಟೋ ವರ್ಷವಾಯಿತು, ಕೇರಳದಲ್ಲಿ ಸರಕಾರವೇ ನಡೆಸುತ್ತದೆ. ಹೊಸ ವರ್ಷದ ಬಂಪರಿನ ಮೊದಲ ಬಹುಮಾನ ಇಪ್ಪತ್ತು ಕೋಟಿ ಎಂದು ಅವನು ಬಣ್ಣಿಸಿದ್ದನ್ನು ಕೇಳಿ, ಹನ್ನೆರಡೂ ಹೆಂಗಸರು ತಲಾ ಇಷ್ಟೆಂದು ಪಟ್ಟಿ ಎತ್ತಿ ನಾನೂರು ರೂಪಾಯಿ ಕೊಟ್ಟು ಕಳಿಸಿದ್ದರು. ಟಿಕೆಟ್ ಬಂದು ನೀಲಗಂಗವ್ವನ ಕುಬಸ ಸೇರಿತು.

ಆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವಳು ಮಗಳಿಗೆ ಫೋನ್ ಹಚ್ಚಿದಳು. ಶ್ವೇತಾ ಹಾವೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದಳು.

"ಎಷ್ಟು ಟಿಕೆಟ್ ಮಾರ್ತಾರಂತವ್ವ?" ಎಂದು ಶ್ವೇತಾ ಕೇಳಿದಳು.

"ಐವತ್ತು ಲಕ್ಷ ಅಂತಾನ ಅಶ್ಫಾಕ."

"ಒಂದು ಕಿಲೋಕ್ಕ ಕಾಯಿ ಎಷ್ಟು ಬರ್ತಾವ?"

"ಸಾವಿರದ ಹತ್ರ."

"ಹಂಗಾರ ಐವತ್ತು ಲಕ್ಷ ಕಾಯಿ ಅಂದ್ರ ಐದು ಟನ್ನು. ಒಂದು ಲಾರಿ ತುಂಬ. ಅದರಾಗ ಒಂದ ಕಾಯಿಗೆ ಗುರ್ತು ಹಾಕ್ಯಾರ ಅನ್ಕೋ. ನೀ ಕಣ್ಣು ಕಟ್ಗೊಂಡು ಒಮ್ಮೆ ಕೈ ಹಾಕಿ ಅದನ್ನ ತಗೀಬೇಕು. ತಗೀತಿಯೇನು?"

ಫೋನು ಸ್ಪೀಕರಿನಲ್ಲಿತ್ತು. ಗುಂಪಿನಲ್ಲೇ ಕಿರಿಯಳಾದ ದಿಲನಾಜ ರೊಟ್ಟಿ ಅಗಿಯುತ್ತಲೇ ಬಾಯಿ ಹಾಕಿದಳು. "ತಗೀತೀವಿ ತಗೀ. ಲಾರಿಗಟ್ಲೆ ಕಾಯಿ ಒಂದೊಂದ ಹಿಡದು ಬಿಡಸೋರು ಮತ್ಯಾರು? ಯಾವ ಕಾಯಿ ಆದ್ರೂ ನಮ್ಮ ಕೈ ದಾಟಿನ ಹೋಗಬೇಕು."

"ಒಮ್ಮೆ ಅಂದೆ ನಾ, ದಿಲನಾಜಕ್ಕ. ಒಂದ ಸಲ."

"ಒಂದ ಸಲಕ್ಕ ಒಂದ ಕಾಯಿನ ಬಿಡಸ್ತೀವವ್ವ. ಎರಡು ಬಿಡಸಿದ್ರ ಸಾವ್ಕಾರ್ರು ಪಗಾರ ಹೆಚ್ಚಿಗಿ ಕೊಡ್ತಿದ್ರು."

ಶ್ವೇತಾ "ನನಗ ಕ್ಲಾಸ್ ಐತಿ" ಎಂದು ಫೋನಿಟ್ಟಳು. ಆಸೆ ಆರಿಸಲು ಹೇಳಿದ ಲೆಕ್ಕ ಆಸೆಯನ್ನು ತಂದು ಹೆಂಗಸರ ಮಡಿಲಿಗೇ ಸುರಿದಿತ್ತು. ಐವತ್ತು ಲಕ್ಷ ಎಂದಾಗ ಯಾರ ಕಣ್ಣಿಗೂ ಏನೂ ಕಂಡಿರಲಿಲ್ಲ. ಒಂದು ಲಾರಿ ಕಾಯಿ ಎಲ್ಲರಿಗೂ ಕಂಡಿತು. ಅಷ್ಟೇ ತಾನೆ ಎನ್ನಿಸಿತು. ಆ ದಿನ ಒಬ್ಬೊಬ್ಬರೂ ಪ್ರತಿ ಕಾಯಿಯನ್ನು ಒಂದು ಗಳಿಗೆ ಹೆಚ್ಚಿಗೆ ನೋಡಿ ತುಂಬು ಮುರಿದರು.

ಮಾರನೆಯ ದಿನ ಟಿಕೆಟ್ಟಿನ ಸುದ್ದಿ ಪಕ್ಕದ ಗೋದಾಮಿಗೆ ಮುಟ್ಟಿತು. ಅದು ಅಂದಾನೆಪ್ಪನದು. ಅಂದಾನೆಪ್ಪ, ರುದ್ರಮುನಿ ಇಬ್ಬರೂ ಷಡ್ಡಕರು, ಅಕ್ಕತಂಗಿಯರನ್ನು ಮದುವೆಯಾದವರು. ಚೀಟಿಯಲ್ಲಿ ದರ ಬರೆದು ಹಾಕುವ ಮಾರ್ಕೆಟ್ಟಿನ ಟೆಂಡರಿನಲ್ಲಿ ಒಬ್ಬ ಯಾವ ರಾಶಿಯ ಮುಂದೆ ನಿಂತ ಎಂದು ಇನ್ನೊಬ್ಬ ಕಳ್ಳಗಣ್ಣಿನಿಂದ ನೋಡಿಟ್ಟು, ಅದಕ್ಕೇ ಐವತ್ತು ರೂಪಾಯಿ ಹೆಚ್ಚು ಬರೆಯದೆ ಊಟ ಮಾಡಿದವರಲ್ಲ. ಅಂದಾನೆಪ್ಪ ಬಂದು, ಟಿಕೆಟ್ಟಿಗೆ ಸಾವಿರ ಕೊಡುತ್ತೇನೆ ಎಂದು ಸುಮ್ಮನೆ ಚೇಷ್ಟೆಗೆ ಅಂದುಹೋದ. ಅರ್ಧ ತಾಸಿನಲ್ಲಿ ರುದ್ರಮುನಿ ತನ್ನ ಗಾದಿ ಬಿಟ್ಟು ಎದ್ದು ಬಂದ.

"ಎಲ್ಲೈತಿ, ತೋರ್ಸು."

ಟಿಕೆಟ್ ಇಸಗೊಂಡು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಉಜ್ಜಿದ. ಕಾಯಿ ಮೂಸಿ ನೋಡುವ ಇಪ್ಪತ್ತು ವರ್ಷದ ರೂಢಿ, ಮೂಗಿನ ಹತ್ತಿರವೂ ಒಯ್ದ.

"ಘಾಟ ಐತೇನ್ರಿ ಸಾವ್ಕಾರ್ರ?" ಎಂದಳು ದಿಲನಾಜ.

ರುದ್ರಮುನಿಗೆ ಕೇಳಿಸಲಿಲ್ಲ. "ಅಂದಾನೆಪ್ಪ ಯಾಕ ಕೇಳಿದ? ಅವಂಗೇನೋ ಸುದ್ದಿ ಐತಿ."

"ಲಾಟರ್ಯಾಗ ಎಂಥಾ ಸುದ್ದಿರಿ?" ಎಂದಳು ನೀಲಗಂಗವ್ವ.

"ಅಂವಾ ಸುದ್ದಿ ಇಲ್ದ ಒಂದು ರೂಪಾಯಿ ಬಿಚ್ಚಾಂವಲ್ಲ. ನಾ ಎರಡು ಸಾವಿರ ಕೊಡ್ತೇನಿ."

ಷಡ್ಡಕ ಗಾದಿ ಬಿಟ್ಟು ಎದ್ದು ಓಡಿದ್ದನ್ನು ಅಂದಾನೆಪ್ಪ ತನ್ನ ಕಟ್ಟೆಯಿಂದ ನೋಡಿದ್ದ. ಅಷ್ಟು ನೋಡಿದ ಮೇಲೆ ಅವನ ಚೇಷ್ಟೆ ಚೇಷ್ಟೆಯಾಗಿ ಉಳಿಯಲಿಲ್ಲ. ಸಂಜೆಗೆ ಮತ್ತೆ ಬಂದು, ನೀಲಗಂಗವ್ವನನ್ನು ಬದಿಗೆ ಕರೆದು, ಐದು ಸಾವಿರ ಎಂದ. ದನಿ ಇಳಿಸಿ, "ರುದ್ರಮುನಿಗೆ ಯಾರು ಹೇಳ್ಯಾರಂತ?" ಎಂದು ಕೇಳಿದ.

ನೀಲಗಂಗವ್ವ ಆ ರಾತ್ರಿ ರೊಟ್ಟಿ ಬಡಿಯುತ್ತಾ ಯೋಚಿಸಿದಳು. ಹನ್ನೆರಡು ಹೆಂಗಸರ ಕಿಡ್ನಿಗೆ ಬಿಚ್ಚದ ಗಂಟು ಷಡ್ಡಕನ ಹೊಟ್ಟೆಕಿಚ್ಚಿಗೆ ಬಿಚ್ಚುತ್ತದೆ. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬೆಳಿಗ್ಗೆ ಮೊದಲು ಅಂದಾನೆಪ್ಪನ ಕಟ್ಟೆಗೆ ಹೋಗಿ ಬಂದು, ಆಮೇಲೆ ರುದ್ರಮುನಿಯ ಮುಂದೆ ನಿಂತಳು.

"ಟಿಕೆಟ್ ರೊಕ್ಕಕ್ಕ ಕೊಡಾಂಗಿಲ್ರಿ. ಟೆಂಡರ್ ಬ್ಯಾರೆ ಐತಿ. ನಮಗ ಒಂದು ಪಾಯಖಾನಿ, ಬಾಗ್ಲ, ಚಿಲಕ, ಒಳಗ ನಳ, ನಳದಾಗ ನೀರು. ಲಾಟರಿ ನಂಬರು ತಗದು ನಿಕಾಲಿ ಆಗೂದ್ರೊಳಗ ಮುಗಿಸಿದ್ರ ಟಿಕೆಟ್ ನಿಮ್ಮದು."

"ನಿನಗೇನು ಹುಚ್ಚು ಹಿಡದೈತೇನ?"

"ಅಂದಾನೆಪ್ಪ ಸಾವ್ಕಾರ್ರಿಗೂ ಇದನ್ನ ಹೇಳೇನ್ರಿ. ಅವರು ಟೈಲ್ಸ್ ಹಾಕಸ್ತಾರಂತ."

ಅದು ಖರೇ. ಹಾಗೆಂದಿದ್ದ ಅವನು. ರುದ್ರಮುನಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ನಾನೂ ಟೈಲ್ಸ್ ಹಾಕಸ್ತೇನಿ. ಅಂವಂಗ ಹೇಳಬ್ಯಾಡ" ಎಂದ.

ಜಗಳವೆದ್ದದ್ದು ಹೆಂಗಸರಲ್ಲಿ. ಅದರಲ್ಲಿ ದಿಲನಾಜಳ ದನಿಯೇ ಮೇಲು.

"ಇಪ್ಪತ್ತು ಕೋಟಿ ಕೊಟ್ಟು ಪಾಯಖಾನಿ ತಗೊಂತಾರೇನಕ್ಕ ಯಾರರ? ಆ ರೊಕ್ಕದಾಗ ಬ್ಯಾಡಗಿ ತುಂಬ ಕಟ್ಟಸಬಹುದು. ರಾಣೆಬೆನ್ನೂರಿಗೂ ಎರಡು ಕೊಡಬಹುದು."

"ಲಾಟರಿ ಹತ್ತಿದ್ರಲ್ಲ" ಎಂದಳು ನೀಲಗಂಗವ್ವ.

"ಹತ್ತಲಿಲ್ಲಂದ್ರ ನಾನೂರು ಹೋತು. ಹತ್ತಿ ಸಾವ್ಕಾರ್ರ ಪಾಲಾದ್ರ? ದಿನಾ ಅದರಾಗ ಕುಂತಾಗ ಹೊಟ್ಟಿ ಉರೀತೈತಿ. ಉರಿಮೂತ್ರಕ್ಕ ಗುಳಿಗಿ ಐತಿ, ಇದಕ್ಕ ಎಲ್ಲೈತಿ?"

ಎಲ್ಲರೂ ನಕ್ಕರು. ಆದರೆ ಅರ್ಧಕ್ಕರ್ಧ ಮಂದಿ ಅವಳ ಕಡೆಗೇ ಇದ್ದರೆಂದು ನೀಲಗಂಗವ್ವನಿಗೆ ಗೊತ್ತಾಯಿತು. "ಕೇಳ್ರಿ ಇಲ್ಲಿ. ನಿಕಾಲಿ ತನಕ ಟಿಕೆಟ್ ನನ್ನ ಕಡೇನ ಇರತೈತಿ. ಸಾವ್ಕಾರ್ರು ಮುಗಿಸಿದ್ರ ಅವರದು. ಮುಗಿಸಲಿಲ್ಲಂದ್ರ ನಮ್ಮದು. ಸಾವ್ಕಾರ್ರು ಹೇಳಿದ ಹೊತ್ತಿಗೆ ಏನರ ಮುಗಿಸಿದ್ದು ನೋಡೀರೇನು?"

ಯಾರೂ ನೋಡಿರಲಿಲ್ಲ. ದಿಲನಾಜ ಕೂಡಲೇ ಒಪ್ಪಿಕೊಂಡಳು.

ಹೀಗಾಗಿ ಗೋಡೆ ಕಟ್ಟುವ ಗವಂಡಿ ಗೂಡುಸಾಬ ಬಂದು ಗುಂಡಿ ತೋಡಿಸಿದಾಗ, ತಮಗಾಗಿ ಏಳುತ್ತಿದ್ದ ಪಾಯಖಾನೆ ಹೇಗಾದರೂ ನಿಂತುಹೋಗಲಿ ಎಂದು ಅರ್ಧ ಹೆಂಗಸರು ದೇವರಿಗೆ ಕೈಮುಗಿಯುತ್ತಿದ್ದರು. ಗೋಡೆ ಒಂದು ಗೇಣು ಎದ್ದರೆ ದಿಲನಾಜಳ ಮುಖ ಒಂದು ಗೇಣು ಇಳಿಯುತ್ತಿತ್ತು. ಗೂಡುಸಾಬನಿಗೆ ಎರಡೆರಡು ಸಲ ಚಹಾ ಕೊಟ್ಟು ಕೂಡಿಸಿಕೊಂಡು, ಅವನ ಮಗಳ ಮದುವೆಯ ಸಮಾಚಾರ ಕೇಳುತ್ತಿದ್ದಳು. ರುದ್ರಮುನಿ ಗಾದಿಯಿಂದ ಕೂಗುತ್ತಿದ್ದ: "ಏ ದಿಲನಾಜ, ಅಂವನ್ನ ಕೆಲಸ ಮಾಡಾಕ ಬಿಡು." ಅಂದಾನೆಪ್ಪ ದಿನಕ್ಕೊಮ್ಮೆ ಬಂದು ಗೋಡೆ ನೋಡಿ, ಓರೆಯಾಗಿದೆ ಎಂದು ಹೇಳಿಹೋಗುತ್ತಿದ್ದ.

ನಿಕಾಲಿಯ ದಿನ ಬಂತು. ಮಧ್ಯಾಹ್ನ ಎರಡು ಗಂಟೆಗೆ ನಂಬರು ತೆಗೆಯುತ್ತಾರೆ ಎಂದು ಅಶ್ಫಾಕ ಹೇಳಿದ್ದ. ಬೆಳಿಗ್ಗೆ ಬಂದು ನೋಡಿದರೆ ಬಾಗಿಲು ಕೂತಿತ್ತು, ಚಿಲಕ ಹೊಳೆಯುತ್ತಿತ್ತು, ಟೈಲ್ಸಿನ ಮೇಲೆ ತಾವರೆ ಹೂವಿದ್ದವು. ಮೋಟರ್ ಹಚ್ಚಿ ನೀರು ಬಿಡುವುದೊಂದೇ ಬಾಕಿ. ನೀಲಗಂಗವ್ವನಿಗೆ ಇನ್ನು ಸಂಶಯ ಉಳಿಯಲಿಲ್ಲ. ಮನೆಯಿಂದ ತಂದ ದೊಡ್ಡ ಬಾಟಲಿಯ ನೀರನ್ನು ಎಲ್ಲರೆದುರೇ ಎತ್ತಿ ಗಟಗಟನೆ ಕುಡಿದಳು. ತಾಸು ಬಿಟ್ಟು ಇನ್ನೊಂದು ಬಾಟಲಿ ಕುಡಿದಳು. ಡಾಕ್ಟರು ಹೇಳಿದ ಮೂರು ಲೀಟರನ್ನು ಒಂದೇ ಹೊತ್ತಿಗೆ ಮುಗಿಸುವ ಹುಮ್ಮಸ್ಸು ಅವಳಿಗೆ.

ಹನ್ನೊಂದಕ್ಕೆ ಗೂಡುಸಾಬ ಮೋಟರ್ ಚಾಲೂ ಮಾಡಿದ. ಅದು ಒಮ್ಮೆ ಗುರ್ ಎಂದಿತು, ಸುಟ್ಟ ವಾಸನೆ ಬಂತು, ಸುಮ್ಮನಾಯಿತು.

"ಹಳೇ ಮೋಟರ್ ಹಚ್ಚಬ್ಯಾಡ್ರಿ ಅಂದಿದ್ದೆ" ಎಂದ ಗೂಡುಸಾಬ.

ರುದ್ರಮುನಿ ಬೈಕ್ ಹತ್ತಿ ಹೊಸ ಮೋಟರ್ ತರಲು ರಾಣೆಬೆನ್ನೂರಿಗೆ ಹೋದ. ದಿಲನಾಜ ಹಾಡು ಗುನುಗುತ್ತಾ ಕಾಯಿ ಬಿಡಿಸತೊಡಗಿದಳು. ನೀಲಗಂಗವ್ವ ಕಾಲಮೇಲೆ ಕಾಲು ಹಾಕಿ ಕೂತಳು. ಹನ್ನೆರಡಾಯಿತು. ಒಂದಾಯಿತು. ಅವಳು ಎದ್ದು ನಿಂತಳು, ಮತ್ತೆ ಕೂತಳು, ಕೂತದ್ದು ತಪ್ಪಾಯಿತೆಂದು ಮತ್ತೆ ಎದ್ದಳು. ಬಾಗಿಲಿಗೇನೂ ಬೀಗವಿರಲಿಲ್ಲ. ಆದರೆ ನೀರಿಲ್ಲದೆ ಅವಳು ಹೊಕ್ಕರೆ ಕೆಲಸ ಮುಗಿದಿದೆ ಎಂದು ಅವಳೇ ಒಪ್ಪಿದ ಹಾಗೆ, ಮೇಲಾಗಿ ಈ ಖಾರದ ಕೈ.

"ಜಾಲಿ ಕಡೆ ಹೋಗಿ ಬಾರಕ್ಕ" ಎಂದಳು ದಿಲನಾಜ.

"ಹೋಗಾಂಗಿಲ್ಲ."

ಒಂದೂವರೆಗೆ ರುದ್ರಮುನಿ ಬಂದ. ಟೊಂಕಕ್ಕೆ ಹೊಸ ಮೋಟರನ್ನು ಟವೆಲಿನಿಂದ ಕಟ್ಟಿಕೊಂಡಿದ್ದ, ಮುಖದ ಮೇಲೆ ಹೆದ್ದಾರಿಯ ಧೂಳೆಲ್ಲ ಕೂತಿತ್ತು. ಗೂಡುಸಾಬ ಜೋಡಿಸಿದ. ಅಶ್ಫಾಕ ಮೊಬೈಲಿನಲ್ಲಿ ಕೇರಳದ ಚಾನೆಲ್ ಹಚ್ಚಿ ಚೀಲಗಳ ಮೇಲೆ ನಿಲ್ಲಿಸಿದ. ಎರಡಕ್ಕೆ ಹತ್ತು ನಿಮಿಷವಿದ್ದಾಗ ನಳ ಕೆಮ್ಮಿತು, ಉಗುಳಿತು, ಸುರಿಯಿತು.

"ಕೊಡು" ಎಂದ ರುದ್ರಮುನಿ.

ದಿಲನಾಜ ಓಡಿಬಂದು ಬಗ್ಗಿ ನೋಡಿದಳು. "ಕೊಡಬ್ಯಾಡಕ್ಕ. ನೀರು ಕೆಂಪ ಬರಾಕತ್ತೈತಿ. ಇದು ಮುಗದಂಗಲ್ಲ."

"ಹೊಸಾ ಪೈಪ್ ಐತವ್ವ, ಮೊದಲ ಹಂಗ ಬರತೈತಿ" ಎಂದ ಗೂಡುಸಾಬ.

ನೀಲಗಂಗವ್ವ ಟಿಕೆಟ್ ಹೊರತೆಗೆದಳು. ಬೆವರಿಗೆ ಮೆತ್ತಗಾಗಿತ್ತು. ರುದ್ರಮುನಿ ಅದರ ಒಂದು ತುದಿ ಹಿಡಿದ. ಅವಳ ಬೆರಳು ಬಿಡಲಿಲ್ಲ. ಇಷ್ಟು ದಿನ ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದವಳಿಗೆ ಆ ಗಳಿಗೆಯಲ್ಲಿ ಲಾರಿ ಕಂಡಿತು. ಲಾರಿಯ ನಡುವಿನಲ್ಲೆಲ್ಲೋ ಗುರುತು ಹಾಕಿದ ಆ ಕಾಯಿಯೂ ಕಂಡಿತು, ಉದ್ದಕ್ಕೆ, ಸುಕ್ಕುಸುಕ್ಕಾಗಿ, ಕಡುಗೆಂಪಗೆ. ಶ್ವೇತಾಳಿಗೆ ಹಾವೇರಿಯಲ್ಲೇ ಒಂದು ಮನೆ. ತನಗೆ ಇನ್ನು ಯಾವ ಗೋದಾಮೂ ಬೇಡ. ಇನ್ನು ಹತ್ತು ನಿಮಿಷ ತಡೆದರೆ ಸಾಕು.

ಹತ್ತು ನಿಮಿಷ ತಡೆಯುವುದು ಸಾಧ್ಯವಿರಲಿಲ್ಲ. ಅವಳ ಹೊಟ್ಟೆ ಅದನ್ನು ಸ್ಪಷ್ಟವಾಗಿ ಹೇಳಿತು. ಇಂದು ಈ ಹತ್ತು ನಿಮಿಷ, ನಾಳೆ ಇಡೀ ದಿನ, ನಾಡಿದ್ದೂ ಅಷ್ಟೇ. ಲಾರಿಯೊಳಗಿನ ಕಾಯಿ ಇದ್ದರೂ ಇರಬಹುದು. ಈ ಪಾಯಖಾನೆ ಕಣ್ಣೆದುರಿಗೇ ಇತ್ತು.

"ಹಿಡೀರಿ" ಎಂದು ಟಿಕೆಟ್ ಬಿಟ್ಟು, ದಿಲನಾಜಳನ್ನು ಬದಿಗೆ ಸರಿಸಿ, ಒಳಹೊಕ್ಕು ಚಿಲಕ ಹಾಕಿಕೊಂಡಳು.

ಕೈ ತೊಳೆದಳು. ತೊಳೆದ ಮೇಲೆ ಇನ್ನೊಮ್ಮೆ ತೊಳೆದಳು. ನೀರು ಆಗಲೇ ತಿಳಿಯಾಗಿತ್ತು, ಸುರಿಯುತ್ತಲೇ ಇತ್ತು. ಹೊರಗೆ ಮೊಬೈಲಿನಲ್ಲಿ ಮಲಯಾಳದವರು ಒಂದೇ ಸಮ ಮಾತಾಡುತ್ತಿದ್ದರು. ಆಮೇಲೆ ಅಶ್ಫಾಕನ ದನಿ ಒಂದೊಂದೇ ಅಂಕಿ ಓದಿತು.

"ಮೂರು."

"ನಮ್ಮದೂ ಮೂರು" ಎಂದ ರುದ್ರಮುನಿ. ಅವನ ದನಿ ಗುರುತು ಸಿಗದಷ್ಟು ತೆಳ್ಳಗಾಗಿತ್ತು.

"ಎಂಟು."

"ಎಂಟೈತಿ." ಇದು ಅಂದಾನೆಪ್ಪನ ದನಿ, ಅಳು ಬಂದವನ ಹಾಗೆ. ಯಾವಾಗ ಬಂದಿದ್ದನೋ. ದಿಲನಾಜ "ಯಾ ಅಲ್ಲಾ" ಎಂದದ್ದು ಗೋಡೆ ದಾಟಿ ಬಂತು. ನೀಲಗಂಗವ್ವ ಕೂತಲ್ಲೇ ಉಸಿರು ಹಿಡಿದಳು.

"ಸೊನ್ನಿ."

ಟಿಕೆಟ್ಟಿನ ಮೂರನೆಯ ಅಂಕಿ ಸೊನ್ನೆಯಾಗಿರಲಿಲ್ಲ. ದಿಲನಾಜ ನಗಲು ಶುರುಮಾಡಿದಳು. ನಕ್ಕಳು, ನಕ್ಕಳು, ಉಳಿದ ಹತ್ತು ಮಂದಿಯೂ ಸೇರಿಕೊಂಡರು. ನೀಲಗಂಗವ್ವ ಉಸಿರು ಬಿಟ್ಟಳು, ಅದರ ಜೊತೆಗೆ ಲಾರಿಯೊಳಗಿನ ಆ ಕಾಯಿಯನ್ನೂ.

ಬಾಗಿಲು ಬಡಿದ ಸದ್ದಾಯಿತು.

"ನೀಲಗಂಗವ್ವ, ಲಗೂ ಬಾ ಹೊರಗ."

"ಯಾಕ್ರಿ ಸಾವ್ಕಾರ್ರ? ಮರಳಿ ಇಸಗೊಳ್ಳಾಕ ಬಂದೀರೇನು?"

"ಏ, ಅದಲ್ಲ." ರುದ್ರಮುನಿ ದನಿ ಇಳಿಸಿದ. "ರಾಣೆಬೆನ್ನೂರಾಗ ಖಾಲಿ ಹೊಟ್ಟೀಲೆ ಮಿರ್ಚಿ ಭಜಿ ತಿಂದೆ. ಮ್ಯಾಲೆ ಈ ನಂಬರು ಬ್ಯಾರೆ. ಹೊಟ್ಟಿ ತಿರವ್ಯಾಡಾಕತ್ತೈತಿ."

ಅವಳು ಮತ್ತೊಮ್ಮೆ ಕೈ ತೊಳೆದುಕೊಂಡು, ಸೆರಗಿನಿಂದ ಒರೆಸಿ, ಚಿಲಕ ತೆಗೆದಳು. ಬಾಗಿಲಿಗೆ ಹತ್ತಿ ದಿಲನಾಜ ನಿಂತಿದ್ದಳು, ಅವಳ ಹಿಂದೆ ಸಾಲಾಗಿ ಉಳಿದವರು. ಎಲ್ಲರೂ ಯಾವಾಗಲೋ ನೀರು ಕುಡಿದಿದ್ದರು.

"ಪಾಳಿ ಐತ್ರಿ ಸಾವ್ಕಾರ್ರ" ಎಂದು ದಿಲನಾಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ರುದ್ರಮುನಿ ನೀಲಗಂಗವ್ವನ ಮುಖ ನೋಡಿದ. ಅವಳು ಸಾಲಿನ ಕೊನೆಯನ್ನು ಕೈಮಾಡಿ ತೋರಿಸಿದಳು. ಅವನು ಹೋಗಿ ನಿಂತ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸಿದ. ಟಿಕೆಟ್ಟಿನಿಂದ ಗಾಳಿ ಹಾಕಿಕೊಂಡ. ಸಾಲು ಮುಂದೆ ಸರಿಯಲಿಲ್ಲ.

"ಗೂಡುಸಾಬ," ಎಂದು ಕರೆದ, "ಇದರ ಬಾಜೂಕ ಇನ್ನೊಂದು ಕಟ್ಟಿದ್ರ ಎಷ್ಟ ದಿನ ಹಿಡೀತೈತಿ?"