ಆಮೆನ್ ಅನ್ನುವವರು

"ಓರೆ ಮಾಡ್ರಿ, ಓರೆ!" ಎನ್ನುತ್ತ ರೇವಣ ಖಾಲಿ ಶವಪೆಟ್ಟಿಗೆಯ ತಲೆಭಾಗವನ್ನು ಎತ್ತಿ ಹಿಡಿದ. ಕಲಬುರಗಿಯಿಂದ ಟೆಂಪೋದಲ್ಲಿ ತಂದ ಪೆಟ್ಟಿಗೆ, ಕಮಲಾಪುರದ ಆ ಗಿಡ್ಡ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು.

"ಅಳತಿ ಕೊಟ್ಟು ಮಾಡಿಸಿದ್ದಿಲ್ಲೇನೋ?" ಯಾರೋ ಕೇಳಿದರು.

"ಅವ್ವನ ಅಳತಿ ಕೊಟ್ಟೀನ್ರೀ. ಬಾಗಲದ್ದು ಯಾರ ಕೊಡ್ತಾರ?"

ಪಕ್ಕದ ಮನೆಯ ಚಾಂದಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪುತಳಾಬಾಯಿ ನಲ್ವತ್ತು ವರ್ಷ ತಲಿ ಬಗ್ಗಿಸಿ ಬಂದಾಳ ಈ ಬಾಗಲ್ದಾಗ. ಇವತ್ತ ಆಕಿ ಪೆಟ್ಟಗಿ ಬಗ್ಗವಲ್ದು ನೋಡ್ರಿ."

ಇಬ್ಬರು ಮೂವರು ನಕ್ಕರು. ತಾಯಿಯ ತಲೆಯ ಬಳಿ ಕುಳಿತಿದ್ದ ರಾಜೇಶ್ರೀಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಪಾಸ್ಟರ್ ಅರುಣಕುಮಾರ ಗಡಿಯಾರ ನೋಡಿಕೊಂಡರು.

"ಹನ್ನೊಂದಕ್ಕ ಎತ್ತೋಣು. ಮೊದ್ಲ ಮನ್ಯಾಗಿನವರು ಒಬ್ಬರು ಪ್ರಾರ್ಥನಿ ಮಾಡ್ರಿ, ಆಮ್ಯಾಗ ನಾವು. ಅಮ್ಮನವರು ನನಗೂ ಹಂಗೇ ಹೇಳಿಟ್ಟಾರ."

ರೇವಣ ಅಕ್ಕನ ಕಿವಿಯ ಹತ್ತಿರ ಬಗ್ಗಿದ. "ನೀನೇ ಮಾಡು ಅಕ್ಕಾ. ಆಟೋ ಹೊಡಿಯೋದು ಬಿಟ್ರ ನನಗೇನ ಬರ್ತದ?"

"ನನಗೂ ಬರಂಗಿಲ್ಲೋ" ಎಂದಳು ಅವಳು. ಅದು ಸುಳ್ಳಲ್ಲ.

*

ಪುತಳಾಬಾಯಿಗೆ ಓದು ಬರುತ್ತಿರಲಿಲ್ಲ. ತವರಿನಿಂದ ತಂದ ಸತ್ಯವೇದವನ್ನು ದಿನಾ ಸಂಜೆ ಮಕ್ಕಳೇ ಸರದಿಯ ಮೇಲೆ ಓದಬೇಕು. ಓದಿದ ಮೇಲೆ ಒಬ್ಬೊಬ್ಬರು ದೇವರಿಗೆ ಒಂದೊಂದು ಮಾತು ಹೇಳಬೇಕು. ಕೊನೆಗೆ ಅವಳ ಸರದಿ. ಅಲ್ಲಿಯತನಕ ರೊಟ್ಟಿಯ ಬುಟ್ಟಿ ಮುಚ್ಚಿಯೇ ಇರುತ್ತಿತ್ತು.

"ಎಲ್ಲರಿಗೂ ಚಲೋ ಆಗ್ಲಿ" ಎಂದು ರೇವಣ ಬುಟ್ಟಿಯನ್ನೇ ನೋಡುತ್ತ ಒಂದೇ ಉಸಿರಿಗೆ ಮುಗಿಸುತ್ತಿದ್ದ.

"ಎಲ್ಲರಂದ್ರ ಯಾರಲೇ? ಹೆಸರು ಹೇಳು. ದೇವ್ರು ಊರ ತುಂಬ ಹುಡುಕ್ಕೋತ ತಿರುಗಬೇಕೇನು?"

ಆಗ ಅವನು ಹೆಸರು ಹಿಡಿದು ಹೊರಡುತ್ತಿದ್ದ: ಚಾಂದಬಿ ಮೌಸಿ, ಮೌಸಿಯ ಆಡು, ಆಡಿನ ಮರಿ. ರಾಜೇಶ್ರೀ ಕಿಸಕ್ಕನೆ ನಗುತ್ತಿದ್ದಳು.

ಮಕ್ಕಳ ಅಪ್ಪ ಚಂದ್ರಾಮಪ್ಪ ಮಾತ್ರ ಒಂದು ದಿನವೂ ಒಳಗೆ ಬಂದು ಕೂತವನಲ್ಲ. ಬಾಳೆತೋಟದ ಕೂಲಿ ಮುಗಿಸಿ ಬಂದು, ಹೊರಗಿನ ಕಟ್ಟೆಯ ಮೇಲೆ ಕಿಟಕಿಗೆ ಬೆನ್ನು ಕೊಟ್ಟು ಬೀಡಿ ಹಚ್ಚುತ್ತಿದ್ದ. "ನಿಮ್ಮ ದೇವ್ರು ನಿಮಗ. ನನಗ್ಯಾಕ?" ಎನ್ನುತ್ತಿದ್ದ. ಪುತಳಾಬಾಯಿ ಒತ್ತಾಯ ಮಾಡಿದವಳಲ್ಲ.

ರೇವಣ ಆಟೋ ಹೊಡೆಯಲು ಊರು ಬಿಟ್ಟ; ರಾಜೇಶ್ರೀ ಮದುವೆಯಾಗಿ ಕಲಬುರಗಿಗೆ ಹೋದಳು. ಗಂಡ ಅಮರನಾಥನ ಮನೆ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಆ ಮನೆಯಲ್ಲಿ ಪ್ರಾರ್ಥನೆ ಬೇಡ ಎಂದವರಿಲ್ಲ, ಮಾಡು ಎಂದವರೂ ಇಲ್ಲ. ಮೊದಲ ವರ್ಷ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ ಪಿಸುಗುಟ್ಟುತ್ತಿದ್ದಳು. ಆಮೇಲೆ ನಲ್ಲಿಯ ಸದ್ದು ಮಾತ್ರ ಉಳಿಯಿತು.

ಹೋದ ತಿಂಗಳು ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ತಾಯಿ ಅವಳ ಮುಂಗೈ ಹಿಡಿದುಕೊಂಡಿದ್ದಳು. "ನನ್ನ ಎತ್ತೂಕ್ಕಿಂತ ಮೊದ್ಲ ಮನ್ಯಾಗಿನವರೇ ಒಂದ್ ಮಾತು ಪ್ರಾರ್ಥನಿ ಮಾಡ್ರಿ ಬೇ. ಮನ್ಯಾಗ ಕಲಿಸಿದ್ದು ಮನ್ಯಾಗೇ ಕೇಳಿ ಹೋಗ್ತೀನಿ."

"ಹೂಂ ಅವ್ವಾ" ಎಂದಿದ್ದಳು.

*

ಕೊನೆಗೂ ಪೆಟ್ಟಿಗೆ ಒಳಗೆ ಬಂತು. ಪುತಳಾಬಾಯಿಯನ್ನು ಬಿಳಿ ಸೀರೆಯಲ್ಲಿ ಮಲಗಿಸಿದರು. ಎಲ್ಲರೂ ಎದ್ದು ನಿಂತರು.

"ಹೇಳ್ರಿ ಅಕ್ಕಾರ" ಎಂದರು ಪಾಸ್ಟರ್ ಮೆಲ್ಲಗೆ.

ರಾಜೇಶ್ರೀ ಕಣ್ಣು ಮುಚ್ಚಿದಳು. ನೀರು ಬತ್ತಿದ ಬಾವಿಗೆ ಕೊಡ ಬಿಟ್ಟ ಹಾಗೆ ಒಳಗೆಲ್ಲ ಖಾಲಿ ಸದ್ದು. "ಸ್ವಾಮಿ..." ಎಂದಳು. ಮುಂದೆ ಏನೂ ಬರಲಿಲ್ಲ. ಯಾರೋ ಕೆಮ್ಮಿದರು. ಪಾಸ್ಟರ್ ತಾವೇ ಶುರು ಮಾಡಲು ಪುಸ್ತಕ ತೆರೆಯುವಷ್ಟರಲ್ಲಿ, ಬಾಗಿಲಲ್ಲಿ ನೆರಳು ಬಿತ್ತು.

ಚಂದ್ರಾಮಪ್ಪ ತಲೆ ಬಗ್ಗಿಸಿ ಒಳಗೆ ಬಂದ. ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತ. ಕೈ ಜೋಡಿಸಿ, ಗಂಟಲು ಸರಿ ಮಾಡಿಕೊಂಡ.

"ಯೇಸುಸ್ವಾಮಿ, ಇವತ್ತಿನ ರೊಟ್ಟಿಗಿ ನಿನಗ ಶರಣು. ನನ್ನ ಮೊಣಕಾಲ ಬ್ಯಾನಿ ನಿನಗ ಗೊತ್ತದ, ದಿನಾ ಏನ ಹೇಳ್ಲಿ. ರೇವಣನ ಆಟೋದಾಗ ಮುಂದ ನೀ ಕೂಡು. ರಾಜೇಶ್ರೀಗಿ ಆ ಮನ್ಯಾಗ ಒಬ್ಬಾಕೇ ಅನಸಬಾರ್ದು. ಹೊರಗ ಕಟ್ಟಿ ಮ್ಯಾಲ ಕುಂತವರು ಒಳ್ಳೆಯವರು ಅದಾರ, ನಾಚಕೋತಾರ ಅಷ್ಟೇ. ಅವರಿಗಿ ಒಳಗ ಕರಿ."

"ಚಂದ್ರಾಮಣ್ಣ, ಅದು ಆಕಿ ಮಾತಲ್ಲೇನು..." ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಪಾಸ್ಟರ್ ಕೈಯೆತ್ತಿ ತಡೆದರು.

ಚಂದ್ರಾಮಪ್ಪ ಅಷ್ಟಕ್ಕೇ ನಿಲ್ಲಿಸಿದ. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಅವನು ಮಾತ್ರ ಅಲುಗಾಡಲಿಲ್ಲ.

"ಆಯ್ತೇನಪ್ಪಾ?" ರೇವಣ ಕೇಳಿದ.

"ತಡೀ. ಇಲ್ಲಿಗಿ ಬಂದು ಆಕಿ ಸ್ವಲ್ಪ ಹೊತ್ತು ಸುಮ್ಮ ಇರ್ತಿದ್ಲು" ಎಂದ ಚಂದ್ರಾಮಪ್ಪ, ಕಣ್ಣು ತೆರೆಯದೆ. "ನೀವಿಬ್ಬರೂ ಹೋದ ಮ್ಯಾಲೂ ಇರ್ತಿದ್ಲು. ಯಾರಾರ ಆಮೆನ್ ಅಂತಾರೇನಂತ. ನಾ ಹೊರಗ ಕುಂತು ಕೇಳ್ತಿದ್ದೆ. ಅನ್ಲಿಲ್ಲ."

ರಾಜೇಶ್ರೀಯ ತುಟಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಚಂದ್ರಾಮಪ್ಪ ಕೈ ಜೋಡಿಸಿಕೊಂಡೇ ಕೂತಿದ್ದ, ಕಿವಿ ಮಂದವಾದವರಂತೆ ತಲೆಯನ್ನು ಒಂದಿಷ್ಟು ಮಗಳ ಕಡೆಗೆ ವಾಲಿಸಿ.